ಕಣಕ್ಕೆ ಬಂದ ಕಳ್ಳನ ಮೇಲೆ ಕೋವಿ ಎತ್ತಬಹುದೇ?

ಕಾಫಿ ಬೆಲೆ ಏರಿದ ಮೇಲೆ ಮಲೆನಾಡಿನ ತೋಟಗಳಲ್ಲಿ ರಾತ್ರಿ ಕಾವಲು ಮತ್ತೆ ಶುರುವಾಗಿದೆ. ಒಣಗಿಸಲು ಕಣದಲ್ಲಿ ಹರವಿದ ಚೆರಿ (ಇಡೀ ಕಾಫಿ ಹಣ್ಣು), ಗೋಡೌನಿನಲ್ಲಿರುವ ಸಿಪ್ಪೆ ಸುಲಿದ ಬೀಜದ ಪಾರ್ಚ್‌ಮೆಂಟ್, ಬಳ್ಳಿಯಲ್ಲೇ ಇರುವ ಮೆಣಸು ಎಲ್ಲದರ ಮೇಲೂ ಕಳ್ಳರ ಕಣ್ಣು. ಸಕಲೇಶಪುರ, ಬೇಲೂರು, ಮೂಡಿಗೆರೆ, ಆಲ್ದೂರು ಕಡೆಯ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ನಮ್ಮ ತೋಟಕ್ಕೆ ರಾತ್ರಿ ನುಗ್ಗಿದವನಿಗೆ ಈಡು ಹೊಡೆದ್ರೂ ಏನಾಗಲ್ಲ, ಕಾನೂನೇ ಇದೆ.' ಅದರ ಬೆನ್ನಿಗೇ ಇನ್ನೊಬ್ಬರು, 'ಅಯ್ಯೋ, ಅವನು ಮೊದಲು ಹೊಡೆಯೋ ತನಕ ನಾವು ಕೈ ಎತ್ತಂಗಿಲ್ಲ ಮಾರಾಯ್ರೇ' ಎನ್ನುತ್ತಾರೆ.

ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಕೊಲೆ ಕೇಸಿನಲ್ಲಿ ಸಿಕ್ಕಿಕೊಳ್ಳಬಹುದು, ಎರಡನೆಯದನ್ನು ನಂಬಿದವರು ಸುಮ್ಮನೆ ಪೆಟ್ಟು ತಿನ್ನಬಹುದು. ಕೆಲವು ಕಡೆ ನಮ್ಮ ಕಾನೂನು ಜನ ಅಂದುಕೊಂಡಿದ್ದಕ್ಕಿಂತ ಉದಾರವಾಗಿದೆ, ಕೆಲವು ಕಡೆ ಅಂದುಕೊಂಡಿದ್ದಕ್ಕಿಂತ ಬಿಗಿ. ಎಲ್ಲಿ ಉದಾರ, ಎಲ್ಲಿ ಬಿಗಿ ಎಂಬುದು ಗೊತ್ತಿಲ್ಲದೆ ಕೋವಿ ಹಿಡಿದು ಹೊರಡುವುದು ಅಪಾಯ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಹಳೆಯ ಸಂಹಿತೆಯಲ್ಲಿ ಇದು 96ರಿಂದ 106ರವರೆಗೆ ಇತ್ತು. ನಂಬರು ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಅದೇ. ಹಾಗಾಗಿ ಹಳೆಯ ತೀರ್ಪುಗಳೂ ಇವತ್ತಿಗೆ ಅನ್ವಯಿಸುತ್ತವೆ. ಈ ಹಕ್ಕನ್ನು ಹೀಗೆ ಧಾರಾಳವಾಗಿ ಬರೆದಿಟ್ಟವರು ಹಳೆಯ ಸಂಹಿತೆಯ ಕರಡು ಮಾಡಿದ ಮೆಕಾಲೆ ಮತ್ತು ಅವರ ಆಯೋಗದವರು. ಈ ನಾಡಿನ ಜನ ಅನ್ಯಾಯವನ್ನು ತಾಳ್ಮೆಯಿಂದ ಸಹಿಸಿಕೊಳ್ಳುವವರು, ಅವರಿಗೆ ಕಡಿವಾಣಕ್ಕಿಂತ ಧೈರ್ಯ ಕೊಡುವುದೇ ಮುಖ್ಯ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಕಂಪನಿ ಸರ್ಕಾರದ ಅಧಿಕಾರಿಯೊಬ್ಬ ನಮಗೆ ಧೈರ್ಯ ಹೇಳಿಕೊಡಲು ಹೊರಟದ್ದು ತಮಾಷೆಯೇ, ಆದರೆ ಅದರ ಫಲ ಇಂದಿಗೂ ಉಳಿದಿದೆ.

ಮೊದಲು ಉದಾರವಾಗಿರುವ ಕಡೆ ನೋಡೋಣ. ನಿಮ್ಮ ಮೈಯನ್ನು ಮಾತ್ರವಲ್ಲ, ಪಕ್ಕದವರ ಮೈಯನ್ನೂ ಕಾಪಾಡಲು ಬಲ ಬಳಸಬಹುದು. ನಿಮ್ಮ ಆಸ್ತಿಗೂ ಸರಿ, ಪಕ್ಕದ ತೋಟದವರ ಆಸ್ತಿಗೂ ಸರಿ. ಎದುರಿನವನು ಮೊದಲು ಹೊಡೆಯಲಿ ಎಂದು ಕಾಯಬೇಕಾಗಿಲ್ಲ. ಹೊಡೆಯುತ್ತಾನೆ ಎಂಬ ನ್ಯಾಯವಾದ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಶುರು. ಓಡಿಹೋಗಲು ದಾರಿಯಿತ್ತು, ಯಾಕೆ ಓಡಲಿಲ್ಲ ಎಂದು ನ್ಯಾಯಾಲಯ ಕೇಳುವುದಿಲ್ಲ. ಕಾನೂನು ಯಾರನ್ನೂ ಹೇಡಿಯಾಗು ಎನ್ನುವುದಿಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಈ ತತ್ವಗಳನ್ನೆಲ್ಲ ಒಂದೆಡೆ ಸೇರಿಸಿಯೂ ಕೊಟ್ಟಿದೆ. ಅದಕ್ಕೂ ಹಿಂದೆ, 1952ರ ಅಮ್ಜದ್ ಖಾನ್ ಪ್ರಕರಣ. ಮಧ್ಯಪ್ರದೇಶದ ಕಟನಿಯಲ್ಲಿ ಗಲಭೆ, ಪಕ್ಕದ ಭಾಗಕ್ಕೆ ನುಗ್ಗಿ ಲೂಟಿ ಮಾಡಿದ ಗುಂಪು ಈತನ ಬಾಗಿಲಿಗೂ ಲಾಠಿಯಿಂದ ಬಡಿಯುತ್ತಿತ್ತು, ಮನೆಯವರು ಒಳಗಿದ್ದರು. ಆತ ಗುಂಡು ಹಾರಿಸಿದ. ಬಾಗಿಲು ಮುರಿಯುವ ತನಕ ಕಾಯಬೇಕಿತ್ತು ಎಂದು ಹೇಳಲಾಗದು, ಇಂಥ ಹೊತ್ತಿನಲ್ಲಿ ಮನುಷ್ಯ ಮಾಡಿದ್ದನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಬಾರದು ಎಂದು ಕೋರ್ಟ್ ಅವನನ್ನು ಬಿಡುಗಡೆ ಮಾಡಿತು.

ಇನ್ನು ಬಿಗಿ. ಎಲ್ಲಕ್ಕೂ ಮೂಗುದಾರ ಹಾಕುವುದು 37ನೇ ಕಲಮು: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಬಹುದಾದ ಸಂದರ್ಭಗಳನ್ನಂತೂ ಬೆರಳೆಣಿಕೆಯಲ್ಲಿ ಪಟ್ಟಿ ಮಾಡಲಾಗಿದೆ. ಮೈ ವಿಷಯದಲ್ಲಿ 38ನೇ ಕಲಮು: ಸಾವಿನ ಭಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇತ್ಯಾದಿ. ಆಸ್ತಿ ವಿಷಯದಲ್ಲಿ 41ನೇ ಕಲಮು: ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನ ಹಾಕುವುದು, ಮನೆಗೋ ಸರಕಿನ ಕಟ್ಟಡಕ್ಕೋ ಬೆಂಕಿ ಇಡುವುದು, ಮತ್ತೆ ತಡೆಯದಿದ್ದರೆ ಜೀವಕ್ಕೇ ಅಪಾಯ ಅಥವಾ ತೀವ್ರ ಗಾಯ ಎಂಬ ಭಯ ಹುಟ್ಟಿಸುವಂಥ ಕಳ್ಳತನ, ಹಾಳುಗೆಡಹುವಿಕೆ, ಮನೆ ಪ್ರವೇಶ. ಬರೀ ಕಳ್ಳತನ ಈ ಪಟ್ಟಿಯಲ್ಲಿ ಇಲ್ಲ. ತೋಟದೊಳಗೆ ಅತಿಕ್ರಮವಾಗಿ ಬಂದದ್ದೂ ಇಲ್ಲ.

ಕಾಫಿ ತೋಟದ ಮಟ್ಟಿಗೆ ಇದರ ಅರ್ಥ ಏನು ಎಂಬುದನ್ನು ಕಣದಲ್ಲಿ ನಿಂತು ನೋಡಿದರೇ ತಿಳಿಯುವುದು. ಮಾಮೂಲಿ ಎಸ್ಟೇಟಿನಲ್ಲಿ ಸಿಮೆಂಟಿನ ಕಣ, ಅದರ ಅಂಚಿಗೆ ಗೋಡೌನ್, ಸ್ವಲ್ಪ ದೂರದಲ್ಲಿ ತೋಟದ ಲೆಕ್ಕ ನೋಡುವ ರೈಟರ ಮನೆ, ಇಳಿಜಾರಿನಲ್ಲಿ ಆಳುಗಳ ಲೈನ್ ಮನೆಗಳು. ರಾತ್ರಿ ಮಂಜಿಗೆ ಚೆರಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿರುತ್ತಾರೆ. ಎರಡು ಗಂಟೆ ಹೊತ್ತಿಗೆ ನಾಯಿ ಬೊಗಳಿತು, ಟಾರ್ಚ್ ಬಿಟ್ಟರೆ ಇಬ್ಬರು ಟಾರ್ಪಾಲಿನಡಿ ಚೀಲ ತುಂಬುತ್ತಿದ್ದಾರೆ ಎಂದುಕೊಳ್ಳಿ. ಕಣಕ್ಕೆ ಗೋಡೆಯಿಲ್ಲ, ಮಾಡಿಲ್ಲ. ಅದು ಕಟ್ಟಡವಲ್ಲ. ಹಾಗಾಗಿ ಅದು ಬರೀ ಕಳ್ಳತನ. ತಡೆಯಬಹುದು, ಚೀಲ ಕಿತ್ತುಕೊಳ್ಳಬಹುದು, ಅದಕ್ಕೆ ಬೇಕಾದಷ್ಟು ಕೈ ಮಾಡಲೂಬಹುದು. ಪ್ರಾಣ ತೆಗೆಯುವಂತಿಲ್ಲ. ಅದೇ ಇಬ್ಬರು ಹತ್ತು ಮಾರು ಆಚೆ ಗೋಡೌನಿನ ಬೀಗ ಒಡೆದು ಒಳಹೊಕ್ಕರೆ ಲೆಕ್ಕ ಬೇರೆ. ಸರಕು ಇಡುವ ಕಟ್ಟಡಕ್ಕೆ ನುಗ್ಗುವುದೂ ಕಾನೂನಿನಲ್ಲಿ ಮನೆ ಪ್ರವೇಶವೇ. ಬೀಗ ಒಡೆದದ್ದರಿಂದ ಕನ್ನ, ರಾತ್ರಿಯಾದ್ದರಿಂದ 41ನೇ ಕಲಮಿನೊಳಗೆ ಬರುತ್ತದೆ. ಅಷ್ಟಾದರೂ 37 ತಲೆಯ ಮೇಲೆ ಇದ್ದೇ ಇದೆ: ಕೂಗಿದ್ದಕ್ಕೆ ಕೈ ಎತ್ತಿ ನಿಂತವನಿಗೆ ಗುಂಡು ಹೊಡೆದರೆ ಯಾವ ಕಲಮೂ ಕಾಯುವುದಿಲ್ಲ. ಈಗ ಬಹಳ ಕಡೆ ಬಂದಿರುವ ಪಾಲಿಹೌಸ್ ಡ್ರೈಯರ್ ಕಟ್ಟಡವೋ ಅಲ್ಲವೋ ಎಂಬುದು ವಕೀಲರಿಗೆ ಒಳ್ಳೆಯ ಕೆಲಸ.

ಕಣದ ಕಳ್ಳನ ಕೈಯಲ್ಲಿ ಮಚ್ಚಿದ್ದು, ಟಾರ್ಚ್ ಬೆಳಕಿಗೆ ಅವನು ಓಡುವ ಬದಲು ಕಾವಲಿನವನ ಕಡೆಗೇ ತಿರುಗಿದರೆ? ಆಗ ವಿಷಯ ಕಾಫಿಯದ್ದಲ್ಲ, ಜೀವದ್ದು. ಒಂದೇ ಕಣ, ಒಂದೇ ಚೀಲ, ಆದರೆ ಹಕ್ಕು ಬೇರೆಯೇ ಆಯಿತು. ಮರುಕ್ಷಣ ಅವನು ಮಚ್ಚು ಬಿಸಾಕಿ ಓಡಿದನೋ, ಆ ದೊಡ್ಡ ಹಕ್ಕು ಅಲ್ಲಿಗೆ ಮುಗಿಯಿತು. ಚೀಲ ಹೊತ್ತೇ ಓಡಿದರೆ ಅಟ್ಟಿಸಿಕೊಂಡು ಹೋಗಬಹುದು, ಮಾಲು ದಕ್ಕುವ ತನಕ ಅಥವಾ ಅವನು ಮಾಲಿನ ಸಮೇತ ತಪ್ಪಿಸಿಕೊಳ್ಳುವ ತನಕ ಹಕ್ಕು ಇದೆ ಎನ್ನುತ್ತದೆ 43ನೇ ಕಲಮು. ಚೀಲ ಎಸೆದು ಓಡಿದರೆ ಮಾಲು ಬಂತು, ಹಕ್ಕು ಹೋಯಿತು. ಆಮೇಲೆ ಬೀಳುವ ಒಂದೊಂದು ಏಟೂ ಶಿಕ್ಷೆ. ಶಿಕ್ಷೆ ಕೊಡುವ ಅಧಿಕಾರ ತೋಟದ ಯಜಮಾನನಿಗೂ ಇಲ್ಲ, ಕಾವಲುಗಾರನಿಗೂ ಇಲ್ಲ. ನನ್ನ ಪ್ರಕಾರ ಈ ಕಾನೂನಿನಲ್ಲಿ ಹಿಡಿದುಕೊಳ್ಳಬೇಕಾದದ್ದು ಇಷ್ಟೇ: ತಡೆಯುವ ಹಕ್ಕು ಇದೆ, ದಂಡಿಸುವ ಹಕ್ಕು ಇಲ್ಲ.

ಈ ವ್ಯತ್ಯಾಸವನ್ನು ಆಮೇಲೆ ಮಾತಿನಲ್ಲಿ ಮುಚ್ಚುವುದು ಕಷ್ಟ, ಏಕೆಂದರೆ ಮೈಮೇಲಿನ ಗಾಯವೇ ಮಾತಾಡುತ್ತದೆ. ನಮ್ಮ ಕಡೆಯ ಜೋಡುನಳಿಗೆ ಕೋವಿಯ ತೋಟಾದಲ್ಲಿ ಚರೆ ತುಂಬಿರುತ್ತದೆ. ತೀರಾ ಹತ್ತಿರದಿಂದ ಹಾರಿದರೆ ಚರೆಗಳು ಒಟ್ಟಾಗಿ ಒಂದೇ ದೊಡ್ಡ ತೂತು ಮಾಡುತ್ತವೆ, ಸುತ್ತ ಚರ್ಮ ಮಸಿಗಟ್ಟಿ ಸುಟ್ಟಿರುತ್ತದೆ. ದೂರ ಹೆಚ್ಚಿದಂತೆ ಚರೆ ಹರಡಿ ಬೇರೆಬೇರೆ ಚುಕ್ಕೆಗಳಾಗುತ್ತವೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಚರೆ ಹೊಕ್ಕದ್ದು ಎದೆಯಿಂದಲೋ ಬೆನ್ನಿಂದಲೋ ಎಂದು ಬರೆಯುತ್ತಾರೆ. 'ಮೈಮೇಲೆ ಬಿದ್ದ, ಹೊಡೆದೆ' ಎಂಬ ಹೇಳಿಕೆಯ ಜೊತೆಗೆ ಬೆನ್ನಿನಲ್ಲಿ ಹರಡಿದ ಚರೆಯ ವರದಿಯೂ ಕೋರ್ಟಿಗೆ ಬಂದರೆ ಯಾವುದನ್ನು ನಂಬುತ್ತಾರೆ ಎಂದು ಹೇಳಬೇಕಿಲ್ಲ.

ಇಂಗ್ಲೆಂಡಿನ ಟೋನಿ ಮಾರ್ಟಿನ್ ಪ್ರಕರಣ ನಮ್ಮ ತೋಟದವರಿಗೆ ತೀರಾ ಹತ್ತಿರದ್ದು. ನಾರ್ಫೋಕ್‌ನ ಒಂಟಿ ತೋಟದ ಮನೆ, ಹಿಂದೆಯೂ ಕಳ್ಳತನಗಳಾಗಿದ್ದವು ಎಂಬ ಸಿಟ್ಟು, 1999ರ ಒಂದು ರಾತ್ರಿ ಇಬ್ಬರು ನುಗ್ಗಿದರು. ಗುಂಡು ಬೆನ್ನಿಗೆ ಬಿದ್ದು 16 ವರ್ಷದ ಹುಡುಗ ಸತ್ತ. ರೈತನಿಗೆ ಜನರ ಅನುಕಂಪ ಹರಿದುಬಂತು, ಜ್ಯೂರಿ ಮಾತ್ರ ಕೊಲೆ ಎಂದಿತು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು ನಿಜ, ಆದರೆ ಅದು ಆತನ ಮಾನಸಿಕ ಸ್ಥಿತಿಯ ಕಾರಣಕ್ಕೆ. ಆತ್ಮರಕ್ಷಣೆಯ ವಾದ ಅಲ್ಲಿಯೂ ಗೆಲ್ಲಲಿಲ್ಲ.

ನಮ್ಮಲ್ಲಿ ಒಂದು ಮಧ್ಯದ ಮೆಟ್ಟಿಲಿದೆ. ಹಕ್ಕು ಇತ್ತು, ಒಳ್ಳೆಯ ನಂಬಿಕೆಯಿಂದಲೇ ಬಳಸಿದ, ಕೊಲ್ಲುವ ಪೂರ್ವಯೋಚನೆ ಇರಲಿಲ್ಲ, ಆದರೆ ಮಿತಿ ದಾಟಿದ ಎಂದಾದರೆ 101ನೇ ಕಲಮಿನ ಎರಡನೇ ವಿನಾಯಿತಿಯಡಿ ಅದು ಕೊಲೆಯಾಗದೆ, ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಕೇಳಲು ಹಗುರ. ಆದರೆ 105ನೇ ಕಲಮಿನಲ್ಲಿ ಅದಕ್ಕೂ ಹತ್ತು ವರ್ಷದವರೆಗೆ ಜೈಲು, ಉದ್ದೇಶ ಸಾಬೀತಾದರೆ ಜೀವಾವಧಿಯವರೆಗೂ ಹೋಗಬಹುದು.

ಕೋವಿಗಿಂತ ಹೆಚ್ಚಾಗಿ ನಡೆಯುವುದು ಮರಕ್ಕೆ ಕಟ್ಟುವ ಪದ್ಧತಿ. ಕಳ್ಳನನ್ನು ಹಿಡಿದು ಸಿಲ್ವರ್ ಮರಕ್ಕೆ ಕಟ್ಟಿ, ಊರವರೆಲ್ಲ ಬಂದು ಒಂದೊಂದು ಏಟು ಕೊಟ್ಟು, ವಿಡಿಯೊ ಮಾಡಿ, ಬೆಳಿಗ್ಗೆ ಪೊಲೀಸರಿಗೆ ಫೋನು. ಹಿಡಿಯುವುದು ತಪ್ಪಲ್ಲ. ಕಣ್ಣೆದುರೇ ಜಾಮೀನುರಹಿತ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ನಡೆದರೆ ಯಾರು ಬೇಕಾದರೂ ಬಂಧಿಸಬಹುದು. ಆದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಈಗ ಗಡುವನ್ನೂ ಹಾಕಿದೆ: ಅನಗತ್ಯ ತಡವಿಲ್ಲದೆ, ಏನಿದ್ದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಬಾರಿಯ ಕಳ್ಳತನಕ್ಕೆ, ಮಾಲು ವಾಪಸು ಕೊಟ್ಟರೆ, ಸಮುದಾಯ ಸೇವೆಯೇ ಶಿಕ್ಷೆ. ಅದು ಜಾಮೀನು ಸಿಗುವ ಅಪರಾಧ, ಪೊಲೀಸರೇ ನೇರ ಬಂಧಿಸುವಂತಿಲ್ಲ. ಅಂದರೆ ಬಾಳೆಗೊನೆಯನ್ನೋ ಒಂದು ಬುಟ್ಟಿ ಹಣ್ಣನ್ನೋ ಕದ್ದವನನ್ನು ರಾತ್ರಿಯಿಡೀ ಕಟ್ಟಿಹಾಕಿದರೆ, ಕಳ್ಳನ ಮೇಲಿನ ಕೇಸಿಗಿಂತ ಕಟ್ಟಿದವರ ಮೇಲಿನ ಕೇಸೇ ದೊಡ್ಡದಾಗುತ್ತದೆ. ವಿಡಿಯೊವನ್ನು ಸಾಕ್ಷಿಯಾಗಿ ಅವರೇ ತೆಗೆದಿಟ್ಟಿರುತ್ತಾರೆ.

'ಪೊಲೀಸರು ಬರೋ ಹೊತ್ತಿಗೆ ಎಲ್ಲ ಖಾಲಿ' ಎಂಬ ದೂರು ಸುಳ್ಳಲ್ಲ. ಠಾಣೆ ಇಪ್ಪತ್ತು ಕಿಲೋಮೀಟರ್ ದೂರ, ಘಟ್ಟದ ರಸ್ತೆ, ಸಿಗ್ನಲ್ ಬೇಕೆಂದರೆ ದಿಬ್ಬ ಹತ್ತಬೇಕು. ಸಮಯವಿತ್ತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಇಂಥ ವಾಸ್ತವ ಇಟ್ಟುಕೊಂಡೇ ನೋಡುತ್ತವೆ, ಪೇಟೆಯ ಅಂಗಡಿಯವನಿಗೆ ಹಾಕುವ ಅಳತೆಯನ್ನು ಒಂಟಿ ಎಸ್ಟೇಟಿಗೆ ಹಾಕುವುದಿಲ್ಲ. ಆದರೆ ವಾರದ ಹಿಂದೆಯೇ ಸುಳಿವು ಸಿಕ್ಕಿತ್ತು, ಠಾಣೆಗೆ ತಿಳಿಸಲಿಲ್ಲ, ನಾಲ್ಕು ಜನ ಕೋವಿ ಹಿಡಿದು ಗಿಡದ ಮರೆಯಲ್ಲಿ ಹೊಂಚು ಹಾಕಿ ಕೂತಿದ್ದರು ಎಂದರೆ ಆ ವಾದದ ಬಲ ಕುಗ್ಗುತ್ತದೆ. ಕಾಯುವುದಕ್ಕೂ ಹೊಂಚು ಹಾಕುವುದಕ್ಕೂ ಇರುವ ಅಂತರ ಕೋರ್ಟಿಗೆ ಗೊತ್ತು.

ತಂತಿಯ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಯಾವ ಮುಲಾಜೂ ಇಲ್ಲ. ಕಾಡುಹಂದಿಗೆಂದೋ ಕಳ್ಳರಿಗೆಂದೋ ಬೇಲಿಗೆ ನೇರ ಕರೆಂಟು ಕೊಡುವುದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿದೆ. ಬಿಹಾರದ ಚೆರುಬಿನ್ ಗ್ರೆಗರಿ ಪ್ರಕರಣ ಆರು ದಶಕದ ಹಿಂದೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪಕ್ಕದ ಮನೆಯವರ ಕಕ್ಕಸಿನ ಗೋಡೆ ಬಿದ್ದು, ಅವರು ಈತನ ಕಕ್ಕಸನ್ನು ಬಳಸತೊಡಗಿದ್ದರು. ಬೇಡವೆಂದರೂ ಕೇಳಲಿಲ್ಲ. ಈತ ಕಕ್ಕಸಿನ ದಾರಿಗೆ ಕರೆಂಟು ಹರಿಯುವ ಬರಿ ತಾಮ್ರದ ತಂತಿ ಎಳೆದ. ಪಕ್ಕದ ಮನೆಯ ಹೆಂಗಸು ಮುಟ್ಟಿ ಸತ್ತಳು. ನನ್ನ ಜಾಗ, ಅವಳು ಅತಿಕ್ರಮವಾಗಿ ಬಂದಳು ಎಂಬುದು ವಾದ. ಅತಿಕ್ರಮ ಪ್ರವೇಶ ಮಾಡಿದ ಮಾತ್ರಕ್ಕೆ ಯಾರೂ ಕಾನೂನಿನ ರಕ್ಷಣೆ ಕಳೆದುಕೊಂಡ ಬೇಟೆ ಪ್ರಾಣಿಯಾಗುವುದಿಲ್ಲ ಎಂದು ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂದು ಅದು ನಿರ್ಲಕ್ಷ್ಯದ ಸಾವಿನ ಕಲಮು, ಗರಿಷ್ಠ ಎರಡು ವರ್ಷ. ಈಗಿನ 106ನೇ ಕಲಮಿನಲ್ಲಿ ಐದು ವರ್ಷ. ಜೊತೆಗೆ ವಿದ್ಯುತ್ ಕಾಯ್ದೆಯ ಕೇಸು ಬೇರೆ, ಹಾಸನದಲ್ಲಾದರೆ ಸೆಸ್ಕ್, ಚಿಕ್ಕಮಗಳೂರಿನಲ್ಲಾದರೆ ಮೆಸ್ಕಾಂ. ತಂತಿಗೆ ಕಣ್ಣಿಲ್ಲ. ಅದಕ್ಕೆ ಕಳ್ಳನೂ ಒಂದೇ, ಸೌದೆಗೆ ಬಂದ ಲೈನ್ ಮನೆಯ ಮಗುವೂ ಒಂದೇ. ಎದುರಿನವನನ್ನು ನೋಡಿ ಎಷ್ಟು ಬಲ ಬೇಕೆಂದು ಅಳೆಯುವುದೇ ಆತ್ಮರಕ್ಷಣೆಯ ಬೇರು, ಅಳೆಯಲು ಅಲ್ಲಿ ಮನುಷ್ಯನೇ ಇರುವುದಿಲ್ಲ.

ಆನೆ, ಹಂದಿಗಳ ಕಾನೂನು ಪೂರ್ತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ, ತನ್ನ ಅಥವಾ ಇನ್ನೊಬ್ಬರ ಜೀವ ಕಾಪಾಡಲು ಒಳ್ಳೆಯ ನಂಬಿಕೆಯಿಂದ ಕಾಡುಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅದು ಅಪರಾಧವಲ್ಲ. ಆದರೆ ಅಲ್ಲಿರುವುದು ಮನುಷ್ಯನ ರಕ್ಷಣೆ ಮಾತ್ರ, ಬೆಳೆಯ ಹೆಸರಿಲ್ಲ. ಬೆಳೆಗೆ ಬಂದ ಹಂದಿಯನ್ನು ಹೊಡೆಯಲು ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಆನೆಗೆ ಬೆಳೆಯ ಕಾರಣ ಸಾಲದು, ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿದೆ ಅಥವಾ ಚೇತರಿಸದಷ್ಟು ರೋಗವೋ ಊನವೋ ಆಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರೇ ತೀರ್ಮಾನಿಸಬೇಕು. ಅಲ್ಲದೆ ಆ ಹೊತ್ತಿಗೆ ನೀವೇ ಶಿಕಾರಿಗೆ ಹೋಗಿದ್ದವರಾದರೆ ಈ ರಕ್ಷಣೆಯೂ ಇಲ್ಲ. ಆಲೂರು, ಸಕಲೇಶಪುರದ ರೈತ ಒಂದು ರಾತ್ರಿಯಲ್ಲಿ ಗದ್ದೆಯನ್ನೇ ಕಳೆದುಕೊಳ್ಳುತ್ತಾನೆ. ಅವನಿಗೆ ಮಚ್ಚು ಹಿಡಿದ ಕಳ್ಳನ ಎದುರು ಇರುವಷ್ಟು ಹಕ್ಕೂ ಗದ್ದೆಗೆ ಬಂದ ಆನೆಯ ಎದುರು ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ, ಬೆಳೆ ಪರಿಹಾರ ಬೇಗ ಕೊಡುವ ಸರ್ಕಾರವಿದ್ದಿದ್ದರೆ ನ್ಯಾಯವೇ ಎನ್ನುತ್ತಿದ್ದೆ. ಹಂದಿ ಎಂದುಕೊಂಡು ಜೊತೆಗಾರನಿಗೇ ಈಡು ಬಿದ್ದಾಗ 'ಆಕಸ್ಮಿಕ' ಎಂಬ ವಾದವೂ ನಿಲ್ಲುವುದಿಲ್ಲ. ಆಕಸ್ಮಿಕಕ್ಕೆ ವಿನಾಯಿತಿ ಸಿಗಬೇಕಾದರೆ ಮಾಡುತ್ತಿದ್ದ ಕೆಲಸ ಕಾನೂನುಬದ್ಧವಾಗಿರಬೇಕು.

ಕೋವಿಯ ಪರವಾನಗಿ ಬಗ್ಗೆಯೂ ಒಂದು ಮಾತು. ಯಸಳೂರು ಕಡೆಯಿಂದ ಶನಿವಾರಸಂತೆಗೆ ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಈಚೆಯವರಿಗೆ ಅದಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕೇಬೇಕು. ಪರವಾನಗಿಯಿಲ್ಲದ ಕೋವಿ ಎಂಬ ಒಂದೇ ಕಾರಣಕ್ಕೆ ಆತ್ಮರಕ್ಷಣೆಯ ವಾದ ಬಿದ್ದುಹೋಗದು, ಆದರೆ ಕೋವಿಯ ಕೇಸು ಮಾತ್ರ ಹಾಗೇ ಉಳಿಯುತ್ತದೆ.

ಇಷ್ಟು ಹೊತ್ತೂ ಕೋವಿಯಿದ್ದವರ ಮಾತೇ ಆಯಿತು. ತೋಟದಲ್ಲಿ ಕೋವಿ ಇರುವುದು ಯಜಮಾನರ ಮನೆಯಲ್ಲಿ, ಲೈನ್ ಮನೆಯಲ್ಲಲ್ಲ. ಹಕ್ಕು ಮಾತ್ರ ಇಬ್ಬರಿಗೂ ಒಂದೇ. ಕೆಲಸ ಮುಗಿಸಿ ತೋಟದ ದಾರಿಯಲ್ಲಿ ಒಬ್ಬಳೇ ಬರುವ ಹೆಂಗಸಿನ ಮೇಲೆ ಯಾರಾದರೂ ಅತ್ಯಾಚಾರಕ್ಕೆಂದು ಕೈಹಾಕಿ, ಅವಳು ಸೊಂಟದಲ್ಲಿದ್ದ ಕತ್ತಿ ಬೀಸಿ ಅವನು ಸತ್ತರೂ 38ನೇ ಕಲಮು ಅವಳ ಪರ ನಿಲ್ಲುತ್ತದೆ. ಕೈಹಾಕಿದವನು ರೈಟರಾಗಿರಲಿ, ಸಾಹುಕಾರರ ಮಗನಾಗಿರಲಿ, ಕಾನೂನು ಕೇಳುವುದು ಅವಳಿಗಿದ್ದ ಭಯ ನ್ಯಾಯವಾದದ್ದೇ ಎಂದಷ್ಟೆ. ಬಯಲುಸೀಮೆಯ ಅರಸೀಕೆರೆ, ಕಡೂರಿನ ಬದು ಜಗಳಗಳಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ: ಪಹಣಿ ನನ್ನ ಹೆಸರಲ್ಲಿದೆ, ಹಾಗಾಗಿ ಒಕ್ಕಲೆಬ್ಬಿಸುತ್ತೇನೆ ಎಂಬುದು. 1975ರ ಪೂರಣ್ ಸಿಂಗ್ ತೀರ್ಪಿನ ಪ್ರಕಾರ, ಎದುರಿನವನು ಬಹಳ ಕಾಲದಿಂದ ನೆಲೆಯೂರಿ ಉಳುತ್ತಿದ್ದರೆ, ನಿಮಗೂ ಅದು ಗೊತ್ತಿದ್ದು ಸುಮ್ಮನಿದ್ದರೆ, ಬಲದಿಂದ ಬಿಡಿಸುವಂತಿಲ್ಲ, ಕೋರ್ಟಿಗೇ ಹೋಗಬೇಕು. ಎರಡೂ ಕಡೆಯವರು ದೊಣ್ಣೆ ಹಿಡಿದು ತೀರ್ಮಾನಕ್ಕೇ ಬಂದಿದ್ದರೆ ಅದು ಹೊಡೆದಾಟ, ಅಲ್ಲಿ ಯಾರಿಗೂ ಆತ್ಮರಕ್ಷಣೆ ಸಿಗುವುದಿಲ್ಲ.

ಘಟನೆ ನಡೆದುಹೋದ ಮೇಲೆ? ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯದು. ಆದರೆ ಸರ್ಕಾರಿ ವಕೀಲರಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ಸಾಕ್ಷ್ಯದಲ್ಲಿ ಅದು ಕಂಡರೆ ಕೋರ್ಟ್ ತಾನೇ ಪರಿಗಣಿಸಬಹುದು. ಇದನ್ನೆಲ್ಲ ಕೆಡಿಸುವುದು ಗಾಬರಿಯಲ್ಲಿ ಮಾಡುವ ಕೆಲಸಗಳು: ಹೆಣವನ್ನು ರಸ್ತೆ ಬದಿಗೆ ಸಾಗಿಸುವುದು, ಕೋವಿಯನ್ನು ಹೇಮಾವತಿ ಹಿನ್ನೀರಿಗೆ ಎಸೆಯುವುದು, ಆಳಿನ ಮೇಲೆ ತಪ್ಪು ಹೊರಿಸುವುದು. ಸಾಕ್ಷ್ಯ ನಾಶಕ್ಕೆ 238ನೇ ಕಲಮಿನ ಕೇಸು ಪ್ರತ್ಯೇಕವಾಗಿ ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ನಿಜವಾದ ಹಕ್ಕನ್ನೂ ಯಾರೂ ನಂಬದ ಹಾಗಾಗುತ್ತದೆ. ಅದೇ ರಾತ್ರಿ 112ಕ್ಕೆ ಕರೆ ಹೋಗಿದ್ದರೆ ಅದರ ಸಮಯ ದಾಖಲಾಗಿರುತ್ತದೆ. ನಿಮಗೂ ಮಚ್ಚಿನೇಟು ಬಿದ್ದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಪೊಲೀಸ್ ಕೇಸೆಂದು ಬರೆಸಿ ಗಾಯದ ಪ್ರಮಾಣಪತ್ರ ಮಾಡಿಸಿ. ಆರೋಪಿಯ ಮೈಮೇಲಿನ ಗಾಯ ಹೇಗಾಯಿತೆಂದು ವಿವರಿಸದೆ ನುಣುಚಿಕೊಂಡ ಪ್ರಾಸಿಕ್ಯೂಷನ್ ಕಥೆಯನ್ನು ಸಂಶಯದಿಂದ ನೋಡಬೇಕೆಂದು ಸುಪ್ರೀಂ ಕೋರ್ಟ್ 1976ರ ಲಕ್ಷ್ಮೀ ಸಿಂಗ್ ತೀರ್ಪಿನಲ್ಲೇ ಹೇಳಿದೆ. ಆ ಸಂಶಯದ ಲಾಭ ಸಿಗಬೇಕಾದರೆ ಗಾಯ ಕಾಗದದ ಮೇಲಿರಬೇಕು, ಮಾಯುವ ಮೊದಲು.